ಹಂಡ ಬೇಲಿ ದಾಟಿದ್ದು

ನಮ್ಮ ದೇಶದ ನಡುವೆ ಪೂರ್ವದಿಂದ ಪಶ್ಚಿಮಕ್ಕೆ ಒಂದು ಬೇಲಿ ಇದೆಯಲ್ಲ, ಅದರ ಅರ್ಧದಷ್ಟು ಕಂಬಗಳನ್ನು ನೆಟ್ಟವನು ನಾನು, ಹೈಕೆರಾ. ಒಬ್ಬನೇ. ಉಳಿದರ್ಧವನ್ನು ಮೂರು ಸಾವಿರ ಜನ ಸೇರಿ ನೆಟ್ಟರು. ಅವರಿಗೂ ಹಾರೆ ಹಿಡಿಯುವುದನ್ನು ನಾನೇ ಹೇಳಿಕೊಡಬೇಕಾಯಿತು.

ಬೇಲಿಯ ಕೆಳಗೆ ದಕ್ಷಿಣ. ಅಲ್ಲಿ ಬಿಳಿಯರ ದನದ ಎಸ್ಟೇಟುಗಳು. ಅಲ್ಲಿಯ ಮಾಂಸ ಹಡಗು ಹತ್ತಿ ಯುರೋಪಿಗೆ ಹೋಗುತ್ತದೆ. ಬೇಲಿಯ ಮೇಲೆ ಉತ್ತರ. ಅಲ್ಲಿ ನಾವು. ನಮ್ಮ ದನಕ್ಕೆ ಕಾಲುಬಾಯಿ ರೋಗ ಇದ್ದೀತು ಎಂಬ ಅನುಮಾನ ಅವರಿಗೆ. ಆ ಅನುಮಾನ ಸಾವಿರ ಕಿಲೋಮೀಟರಿಗೂ ಉದ್ದ, ನನ್ನ ಎದೆಯಷ್ಟು ಎತ್ತರ. ತಂತಿಯದು.

ಅದನ್ನು ಕಟ್ಟುವಾಗ ನನಗೆ ಹದಿನೇಳು. ಆಗ ನಮೀಬಿಯಾ ಎಂಬ ಹೆಸರೂ ದೇಶಕ್ಕೆ ಇರಲಿಲ್ಲ. ಗುತ್ತಿಗೆ ಆಫೀಸಿನ ಅಂಗಳದಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿದರು. ಬಟ್ಟೆ ಬಿಚ್ಚಿ ಎಂದರು. ಬಿಚ್ಚಿದೆವು. ನನ್ನ ಮುಂದೆ ನನ್ನ ಸೋದರಮಾವ ನಿಂತಿದ್ದ. ನಮ್ಮಲ್ಲಿ ಸೋದರಮಾವನೆಂದರೆ ಅಪ್ಪನಿಗಿಂತ ದೊಡ್ಡವನು. ಅವನ ಬೆತ್ತಲೆ ಬೆನ್ನನ್ನು ನಾನು ನೋಡಬಾರದಿತ್ತು. ನೆಲ ನೋಡಿದೆ. ಡಾಕ್ಟರು ಬಾಯಿ ತೆರೆಸಿದ. ಹಲ್ಲು ತಟ್ಟಿದ. ತೊಡೆ ಹಿಚುಕಿದ. ಬಗ್ಗು ಎಂದ. ಆಮೇಲೆ ಕತ್ತಿಗೆ ದಾರ ಕಟ್ಟಿ ಬಿಲ್ಲೆ ನೇತುಹಾಕಿದರು. ಗಟ್ಟಿ ಆಳಿಗೆ ಎ. ಸಾಧಾರಣದವನಿಗೆ ಬಿ. ಕೆಲಸಕ್ಕೆ ಬಾರದವನಿಗೆ ಸಿ. ನನ್ನ ಬಿಲ್ಲೆಯ ಮೇಲೆ ಏನಿತ್ತು ಅಂತ ಕೇಳಬೇಡಿ. ನನ್ನ ಎದೆ ಅಳೆಯಲು ಟೇಪು ಸಾಲದೆ ಹಗ್ಗ ತರಿಸಿದರು ಎಂದಷ್ಟು ತಿಳಿದರೆ ಸಾಕು.

ನೆಲ ಸುಣ್ಣಕಲ್ಲಿನದು. ಹಾರೆ ಹಾಕಿದರೆ ಕಿಡಿ. ಸೊಂಟದುದ್ದ ಗುಂಡಿ ತೋಡಬೇಕು. ಅಂಗೈಯ ಬೊಬ್ಬೆ ಒಡೆದು, ಒಡೆದಲ್ಲೇ ಮತ್ತೆ ಬೊಬ್ಬೆ ಎದ್ದು, ಕೊನೆಗೆ ಹಾರೆಯ ಹಿಡಿಯೂ ಚರ್ಮವೂ ಅಂಟಿಕೊಂಡವು. ಒಂದು ದಿನ ಬಿಗಿದ ತಂತಿ ಹರಿದು ಹಾವಿನ ಹಾಗೆ ಬಂತು. ನನ್ನ ಎಡಗೈಯ ಕಿರುಬೆರಳು ಹೋಯಿತು. ಮೇಸ್ತ್ರಿ ಬೈದ, ತಂತಿ ಹಾಳಾಯಿತು ಅಂತ. ಬೆರಳನ್ನು ನಾನು ಕಂಬದ ಗುಂಡಿಗೇ ಹಾಕಿ ಮಣ್ಣು ಮುಚ್ಚಿದೆ. ಆ ಕಂಬ ದೊಡ್ಡ ರಸ್ತೆಯ ಗೇಟಿನಿಂದ ಮೂರನೆಯದು. ಬೇಕಾದರೆ ಹೋಗಿ ನೋಡಿ.

ಆಮೇಲೆ ಯುದ್ಧ ಬಂತು, ಹೋಯಿತು. ಬಾವುಟ ಬದಲಾಯಿತು. ಹಾಡು ಬದಲಾಯಿತು. ನೋಟಿನ ಮೇಲಿನ ಮುಖವೂ ಬದಲಾಯಿತು. ಬೇಲಿ ಮಾತ್ರ ಇದ್ದಲ್ಲೇ ಇತ್ತು. ನಾನು ಕಟ್ಟಿದ್ದು, ಅಷ್ಟು ಸುಲಭಕ್ಕೆ ಹೋಗುತ್ತದೆಯೇ?

ಇನ್ನು ಹಂಡನ ವಿಷಯ. ಹಂಡ ನನ್ನ ಎತ್ತು. ಬಿಳಿಗೆ ಕಪ್ಪು ಮಚ್ಚೆಯವನು. ಅವನು ಮೇಯಲು ಗಡಿಗೆ ಹೋದರೆ ಒಂದು ಕೊಂಬು ಅಂಗೋಲದಲ್ಲಿ ಇರುತ್ತಿತ್ತು, ಇನ್ನೊಂದು ನಮ್ಮಲ್ಲಿ. ಪಾಸ್‌ಪೋರ್ಟು ಕೇಳಿದವರಿಲ್ಲ. ಅವನ ನೆರಳಿನಲ್ಲಿ ಒಂದು ಮದುವೆ ಆಗಿದೆ. ಚಪ್ಪರ ಹಾಕಿರಲಿಲ್ಲ.

ನನ್ನ ಹೆಂಡತಿ ರೌನಾ ಹೇಳುತ್ತಾಳೆ, "ಅದರಲ್ಲಿ ಹತ್ತಕ್ಕೆ ಒಂದು ಪಾಲು ನಿಜ. ಮಿಕ್ಕಿದ್ದು ಗಾಳಿ." ಹತ್ತಕ್ಕೆ ಒಂದೇ ಆದರೂ ಅದು ದೊಡ್ಡ ಎತ್ತೇ.

ಒಂದು ದಿನ ಜೀಪು ಬಂತು. ಇಳಿದವನು ಎರಾಸ್ಟಸ್. ಪಕ್ಕದ ಹಳ್ಳಿಯವನೇ. ಅವನ ತಾಯಿ ನಮ್ಮ ಮನೆಯ ಹುಳಿಹಾಲು ಕುಡಿದು ಅವನನ್ನು ಹೆತ್ತವಳು. ಈಗ ದನದ ಇಲಾಖೆಯಲ್ಲಿ ಆಫೀಸರ್, ಕಾಲಿಗೆ ಬೂಟು. ಮರದ ಕೆಳಗೆ ಸಭೆ ಸೇರಿಸಿದ. ಹಲಗೆಯ ಮೇಲೆ ಬಾಣದ ಗುರುತು ಬರೆದ. ಬಾಣ ಮೇಲಕ್ಕೆ ಹೋಗುತ್ತಿತ್ತು.

"ತಾತೆಗಳೇ, ಮೇಮೆಗಳೇ," ಎಂದ. ನಾವು ಗಂಡಸರನ್ನೂ ಹೆಂಗಸರನ್ನೂ ಕರೆಯುವುದು ಹಾಗೆಯೇ. "ಹೊರದೇಶದಲ್ಲಿ ಮಾಂಸಕ್ಕೆ ಭಾರೀ ಬೇಡಿಕೆ ಇದೆ. ನಿಮ್ ದನಕ್ಕೂ ಬಾಗಿಲು ತೆಗೆದಿದೀವಿ. ಗೇಟಿನ ಹತ್ರ ದೊಡ್ಡಿ ಮಾಡಿದೀವಿ. ಇಪ್ಪತ್ತೊಂದು ದಿನ ಅಲ್ಲಿ ಬಿಡಿ. ರೋಗ ಕಾಣದೇ ಇದ್ರೆ ಕೊಳ್ಳೋರು ಅಲ್ಲಿಗೇ ಬರ್ತಾರೆ. ಇಲ್ಲಿಗಿಂತ ಮೂರು ಪಟ್ಟು ರೇಟು."

"ದಕ್ಷಿಣದ ಮಾಂಸ ನಮ್ ಅಂಗಡೀಲಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಕೂತಿದ್ಯಲ್ಲ, ಅದನ್ನ ಎಷ್ಟು ದಿನ ದೊಡ್ಡೀಲಿ ಕೂರಿಸಿದ್ರಪ್ಪಾ?" ಎಂದಳು ಕುಕು ಸೈಮಾ. ಕುಕು ಎಂದರೆ ಅಜ್ಜಿ. ಇಡೀ ಸೀಮೆಗೇ ಅಜ್ಜಿ. ಬಾಯಲ್ಲಿ ಎರಡು ಹಲ್ಲು, ಎರಡೂ ಕಚ್ಚುತ್ತವೆ.

"ಅದಕ್ಕೆ ರೋಗ ಇಲ್ಲ, ಕುಕು."

"ನಂಗೂ ಇಲ್ಲ. ಆದ್ರೂ ನನ್ನ ಯಾರೂ ಕೊಳ್ತಿಲ್ಲ."

ಎಲ್ಲರೂ ನಕ್ಕರು. ರೌನಾ ನಗಲಿಲ್ಲ. ಅವಳು ಬಾಣವನ್ನೇ ನೋಡುತ್ತಿದ್ದಳು. ಮೂವತ್ತು ವರ್ಷದಿಂದ ಅವಳು ದಿನಕ್ಕೆ ಎರಡು ಸಲ ಬಾವಿಗೆ ಹೋಗಿ ತಲೆಯ ಮೇಲೆ ನೀರು ಹೊತ್ತು ತರುತ್ತಾಳೆ. ನೆತ್ತಿಯ ಮೇಲೆ ಅಂಗೈಯಗಲ ಕೂದಲಿಲ್ಲ. ದೊಡ್ಡ ಪೈಪು ನಮ್ಮ ಮನೆಯಿಂದ ಅರ್ಧ ಗಂಟೆ ದೂರದಲ್ಲಿ ಹಾದುಹೋಗುತ್ತದೆ. ಅಲ್ಲಿಂದ ಕೊಳವೆ ಎಳೆಸಿ ಅಂಗಳಕ್ಕೊಂದು ನಲ್ಲಿ ಹಾಕಿಸಲು ಎರಾಸ್ಟಸ್ ಹೇಳಿದ ರೇಟಿಗೆ ಒಂದು ಒಳ್ಳೆಯ ಎತ್ತು ಸಾಕು. ಊರಿನಲ್ಲಿ ಕೊಡುವ ರೇಟಿಗೆ ಮೂರು ಎತ್ತು. ನಮಗಿದ್ದದ್ದು ಒಂದು.

ಸಭೆ ಮುಗಿದ ಮೇಲೆ ಅವಳು ಒಂದೇ ಮಾತು ಕೇಳಿದಳು. "ಹಂಡನ್ನ ಕೊಡ್ತೀಯಾ?"

ನಾನು ಅವಳ ನೆತ್ತಿ ನೋಡಿದೆ. "ಕೊಡ್ತೀನಿ," ಎಂದೆ.

ಎಂಟು ದಿನ ನಡೆದೆವು. ಹನ್ನೊಂದು ಮನೆಯವರು, ನಲವತ್ತು ದನ. ದೊಡ್ಡಿ ಗೇಟಿನ ಪಕ್ಕದಲ್ಲೇ ಇತ್ತು. ಒಂದು ಮಗ್ಗುಲಿಗೆ ನನ್ನದೇ ಹಳೆಯ ಬೇಲಿ, ಮೂರು ಮಗ್ಗುಲಿಗೆ ಹೊಸ ತಂತಿ. ಎರಾಸ್ಟಸ್ ದನಗಳ ಬಾಯಿ ತೆರೆಸಿ ನೋಡಿದ. ಗೊರಸು ಎತ್ತಿ ನೋಡಿದ. ಕಿವಿ ಚುಚ್ಚಿ ಹಳದಿ ಬಿಲ್ಲೆ ಹಾಕಿದ. ಹಂಡನ ಕಿವಿಯಿಂದ ರಕ್ತ ತೊಟ್ಟಿಕ್ಕಿತು. ನನ್ನ ಕತ್ತು ನವೆಯಾಯಿತು. ಕೆರೆದುಕೊಂಡೆ.

ಹುಲ್ಲು ಹತ್ತು ದಿನಕ್ಕೆ ಮುಗಿಯಿತು. ನಾವು ಮುಳ್ಳುಮರ ಹತ್ತಿ ಕಾಯಿ ಉದುರಿಸಿದೆವು. ಮೈಯೆಲ್ಲ ಗೀರು. ಕೊಳವೆಬಾವಿಯ ಪಂಪು ಕೆಟ್ಟಿತು. ರಿಪೇರಿಯವನು ನಾಳೆ ಬರುತ್ತಾನೆ ಎಂದರು. ಆ ನಾಳೆ ಈವರೆಗೂ ಬಂದಿಲ್ಲ. ಹಳ್ಳದ ಗುಂಡಿಯಿಂದ ಬಕೆಟಿನಲ್ಲಿ ನೀರು ಹೊತ್ತೆವು. ಒಂದು ಎತ್ತಿಗೆ ದಿನಕ್ಕೆ ನಾಲ್ಕು ಬಕೆಟು. ನಾನು ಒಂದೇ ಸಲಕ್ಕೆ ಹನ್ನೆರಡು ಬಕೆಟು ಹೊರುತ್ತಿದ್ದೆ. ಸರಿ, ಎರಡು.

ಹಗಲೆಲ್ಲ ಕಣ್ಣೆದುರು ಗೇಟು. ಬಸ್ಸು ಬಂದು ನಿಲ್ಲುತ್ತದೆ. ಜನ ಇಳಿಯುತ್ತಾರೆ. ಚೀಲ ಬಿಚ್ಚುತ್ತಾರೆ. ಉತ್ತರದ ಮಾಂಸ ಸಿಕ್ಕಿದರೆ ಕಾವಲಿನವರು ಕಸಿದು ಗುಂಡಿಗೆ ಎಸೆದು ಡೀಸೆಲ್ ಸುರಿದು ಸುಡುತ್ತಾರೆ. ಒಂದು ದಿನ ಒಬ್ಬ ಮೇಮೆ ರಾಜಧಾನಿಯಲ್ಲಿರುವ ಮಗನಿಗೆಂದು ಒಣಮಾಂಸ ತಂದಿದ್ದಳು. ಸೊಂಟದ ಬಟ್ಟೆಯೊಳಗೆ ಇಟ್ಟುಕೊಂಡಿದ್ದಳು. ಕಾವಲಿನವನು ಜನರೆದುರಿಗೇ ಬಟ್ಟೆ ಬಿಚ್ಚು ಎಂದ. ಅವಳು ಬಿಚ್ಚಿದಳು. ಬಸ್ಸಿನ ಗಂಡಸರೆಲ್ಲ ನೆಲ ನೋಡಿದರು. ನಾನೂ ನೋಡಿದೆ. ಆ ನೆಲ ನನಗೆ ಗುರುತಿತ್ತು.

ಹತ್ತೊಂಬತ್ತನೆಯ ದಿನ ಸಂಜೆ ರೌನಾ ಬಂದಳು. ಜೊತೆಗೆ ಹಂಡಿಯನ್ನು ಹೊಡೆದುಕೊಂಡು ಬಂದಿದ್ದಳು. ಹಂಡಿ ಹಂಡನ ತಾಯಿ. ನಮಗೆ ಹಾಲಾಗಲಿ ಅಂತ. ದೊಡ್ಡಿಯಿಂದ ಇನ್ನೂರು ಹೆಜ್ಜೆ ದೂರದಲ್ಲಿ ಪೊದೆಗೆ ಕಟ್ಟಿದಳು. ತಂತಿಯಾಚೆಯಿಂದ ಹಂಡನನ್ನು ನೋಡಿದಳು. ಬೆರಳು ಮಡಚಿ ಅವನ ಪಕ್ಕೆಲುಬು ಎಣಿಸಿದಳು. ಅದನ್ನು ನನ್ನಿಂದ ನೋಡಲಾಗಲಿಲ್ಲ.

ಎತ್ತು ಸೋತಾಗ ಅದರ ಬಿರುದು ಹೇಳಬೇಕು. ಅದು ನಮ್ಮ ಪದ್ಧತಿ. ಬಿರುದು ಕೇಳಿದರೆ ಎತ್ತು ತಲೆ ಎತ್ತುತ್ತದೆ. ಮನುಷ್ಯನಿಗಾಗಲಿ ದನಕ್ಕಾಗಲಿ ನಮ್ಮಲ್ಲಿ ಕುಲ ತಾಯಿಯದು. ಹಾಗಾಗಿ ಬಿರುದು ಶುರುವಾಗುವುದೇ ತಾಯಿಯ ಹೆಸರಿನಿಂದ. ನಾನು ಎದೆ ತುಂಬ ಗಾಳಿ ಎಳೆದುಕೊಂಡೆ.

"ಹಂಡೀ! ಹಂಡಿಯ ಮಗನೇ! ಮೋಡ ಹರಿದು ಮೈಮೇಲೆ ಹೊದ್ದವನೇ! ನೀನು ನೀರಿಗಿಳಿದರೆ ಮೊಸಳೆ ದಡಕ್ಕೆ ಬರುತ್ತದೆ! ಹಂಡೀ! ಹಂಡಿಯ ಹೊಟ್ಟೆಯಲ್ಲೇ ಗುಟುರು ಹಾಕಿದವನೇ!"

ನನ್ನ ಧ್ವನಿ ಎಂಥದ್ದೆಂದರೆ ಅಂಗೋಲದಲ್ಲಿ ಕೋಳಿಗಳು ಮೊಟ್ಟೆ ಇಡುವುದನ್ನು ಮರೆತವು. ಹಂಡ ತಲೆ ಎತ್ತಿದ. ಕಿವಿ ಆಡಿಸಿದ. ಎಲ್ಲರೂ ಎದ್ದು ನಿಂತರು. ನಾನು ಇನ್ನೂ ಜೋರಾಗಿ ಹೇಳಿದೆ.

ಆಗ ಹಂಡಿ ಬಂದಳು. ಅವಳ ಹೆಸರು ಹಿಡಿದು ಯಾರೋ ಅಷ್ಟು ಕರೆಯುತ್ತಿದ್ದರೆ ಅವಳೇನು ಮಾಡಿಯಾಳು? ಪೊದೆಯನ್ನು ಬುಡಸಮೇತ ಕಿತ್ತುಕೊಂಡು, ಹಗ್ಗ ಎಳೆದುಕೊಂಡು ಓಡಿ ಬಂದಳು. ಹೊಸ ತಂತಿಗೆ ಎದೆ ಕೊಟ್ಟಳು. ಹೊಸ ಕಂಬ ಮಲಗಿತು. ಅದು ನಾನು ನೆಟ್ಟದ್ದಲ್ಲ. ಅವಳು ನೇರ ಹೋಗಿ ಮಗನ ಕುತ್ತಿಗೆ ನೆಕ್ಕತೊಡಗಿದಳು.

ಎರಾಸ್ಟಸ್ ಓಡಿ ಬಂದ. ಅವನ ಮುಖ ಬೂದಿಯಾಗಿತ್ತು.

"ತಾತೆ ಹೈಕೆರಾ, ಏನ್ ಮಾಡಿದ್ರಿ ನೀವು!"

"ನಾನೇನ್ ಮಾಡ್ದೆ? ತಾಯಿ ಮಗನ್ನ ನೋಡೋಕೆ ಬಂದಿದಾಳೆ. ಹೊರಗೆ ಹೊಡೀತೀನಿ, ಬಿಡು."

"ಹೊರಗಿಂದು ಒಳಗೆ ಬಂತಂದ್ರೆ ಎಲ್ಲಾ ಕೆಟ್ಟ ಹಾಗೆ. ಎಣಿಕೆ ಮತ್ತೆ ಒಂದರಿಂದ ಶುರು. ಇವತ್ತು ಒಂದನೇ ದಿನ."

"ಹಂಗಾದ್ರೆ ನಂಗೆ ನಿನ್ ಮಾರುಕಟ್ಟೇನೇ ಬೇಡ. ದನ ಹೊಡ್ಕೊಂಡು ಊರಿಗೆ ಹೋಗ್ತೀನಿ."

"ಒಳಗಿಂದು ಹೊರಗೂ ಹೋಗೋ ಹಂಗಿಲ್ಲ ತಾತೆ. ಇಪ್ಪತ್ತೊಂದು ಮುಗಿಯೋವರೆಗೂ ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ."

ಹನ್ನೊಂದು ಮನೆಯವರು ನನ್ನನ್ನು ನೋಡಿದರು. ನಾನು ಹಂಡಿಯ ಹಗ್ಗದಿಂದ ಪೊದೆ ಬಿಡಿಸತೊಡಗಿದೆ.

ಕುಕು ಸೈಮಾ ಹತ್ತಿರ ಬಂದಳು. "ನಿನ್ ನಾಲಿಗೇನ ಮೊದ್ಲು ದೊಡ್ಡೀಲಿ ಹಾಕ್ಬೇಕಿತ್ತು ಕಣೋ. ನನ್ ಎರಡು ಹಸು ಸತ್ರೆ ನಿನ್ನೇ ಕಟ್ಟಿ ಹಾಲು ಕರೀತೀನಿ."

ಇನ್ನೊಂದು ಇಪ್ಪತ್ತೊಂದು ದಿನ. ಅದನ್ನು ಉಬ್ಬಿಸಿ ಹೇಳಲು ನನ್ನಿಂದಾಗುವುದಿಲ್ಲ. ಕಾಯಿ ಮುಗಿಯಿತು. ತೊಗಟೆ ಕೆತ್ತಿ ಹಾಕಿದೆವು. ಹಳ್ಳದ ಗುಂಡಿ ಕೆಸರಾಯಿತು. ಕೆಸರನ್ನು ಬಟ್ಟೆಯಲ್ಲಿ ಹಿಂಡಿ ನೀರು ಮಾಡಿದೆವು. ಆರು ದನ ಸತ್ತವು. ತಂತಿಯಾಚೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ಮೊಣಕಾಲುದ್ದ ಹುಲ್ಲಿತ್ತು. ಯಾರದೂ ಅಲ್ಲದ ಹುಲ್ಲು, ಆದರೂ ಆ ಕಡೆಯದನ್ನು ಕೊಯ್ದು ತರಲು ಕಾವಲಿನವನು ಬಿಡುತ್ತಿರಲಿಲ್ಲ. ಹಂಡ ತಂತಿಯ ಸಂದಿಯಲ್ಲಿ ಮೂತಿ ತೂರಿಸಿ ನಾಲಿಗೆ ಚಾಚಿ ನಿಂತಿರುತ್ತಿದ್ದ. ನಾಲಿಗೆಗೂ ಹುಲ್ಲಿಗೂ ಒಂದು ಗೇಣು. ನಾನು ಅಂದು ಕಂಬವನ್ನು ಒಂದು ಗೇಣು ಆಚೆಗೆ ನೆಟ್ಟಿದ್ದರೆ ಎಂದು ಯೋಚಿಸುತ್ತ ಕೂತಿರುತ್ತಿದ್ದೆ. ಮೇಸ್ತ್ರಿ ದಾರ ಹಿಡಿದಿದ್ದ. ದಾರ ಬಿಟ್ಟು ಒಂದು ಬೆರಳೂ ಆಚೀಚೆ ಹೋಗುವಂತಿರಲಿಲ್ಲ.

ರೌನಾ ಊರಿಗೆ ಹೋಗಲಿಲ್ಲ. ನೀರು ಹೊರುವವರಿಗೆ ಇಲ್ಲೂ ಕೆಲಸವಿತ್ತು.

ಎಣಿಕೆ ಮುಗಿದ ದಿನ ಬೆಳಿಗ್ಗೆ ದಕ್ಷಿಣದಿಂದ ಲಾರಿ ಬಂತು. ಕೊಳ್ಳುವವನು ಇಳಿದ. ಬಿಳಿಯ. ಚಡ್ಡಿ, ಉದ್ದ ಕಾಲುಚೀಲ. ನಾವು ಹಳೇ ರೂಢಿಯಂತೆ ಬಾಸ್ ಎಂದೆವು. ಅನ್ನಬೇಕೆಂದಿರಲಿಲ್ಲ. ಬಾಯಿ ತಾನಾಗಿಯೇ ಅಂದಿತು.

ದನಗಳನ್ನು ಒಂದೊಂದಾಗಿ ತೂಕದ ಪಂಜರಕ್ಕೆ ಹತ್ತಿಸಿದ. ಬಾಯಿ ತೆರೆಸಿದ. ಹಲ್ಲು ತಟ್ಟಿದ. ತೊಡೆ ಹಿಚುಕಿದ. ಆಮೇಲೆ ಕೆಂಪು ಬಣ್ಣದ ಡಬ್ಬಿಗೆ ಕುಂಚ ಅದ್ದಿ ಸೊಂಟದ ಮೇಲೆ ಬರೆದ. ಹಂಡ ಪಂಜರದಿಂದ ಇಳಿಯುವಾಗ ಮುಂಗಾಲು ಮಡಿಸಿ ಬಿದ್ದ. ಬಾಸ್ ಬಿದ್ದವನ ಮೇಲೇ ಬರೆದ.

ಸಿ.

ರೇಟು ಹೇಳಿದ. ಎರಾಸ್ಟಸ್ ನಮ್ಮ ಭಾಷೆಗೆ ತಿರುಗಿಸಿ ಹೇಳಿದ. ಒಂದು ಆಡಿಗೆ ಊರಿನಲ್ಲಿ ಕೊಡುವಷ್ಟು.

"ಇದು ಎತ್ತು," ಎಂದೆ.

"ಯುರೋಪಿನಲ್ಲಿ ರೇಟು ಬಿದ್ದಿದೆಯಂತೆ ತಾತೆ. ಇದರಲ್ಲಿ ಮೂಳೆ ಬಿಟ್ರೆ ಇನ್ನೇನೂ ಇಲ್ಲ ಅಂತಾರೆ. ಬೇಡ ಅಂದ್ರೆ ಊರಿಗೆ ಹೊಡ್ಕೊಂಡು ಹೋಗಿ ಅಂತಾರೆ."

ಊರಿಗೆ ಎಂಟು ದಿನ. ಹಂಡ ಎಂಟು ಹೆಜ್ಜೆ ಇಡಲಾರ. ಅದು ಬಾಸ್‌ಗೂ ಗೊತ್ತಿತ್ತು. ಅವನು ನಗುತ್ತಲೂ ಇರಲಿಲ್ಲ, ಗದರುತ್ತಲೂ ಇರಲಿಲ್ಲ. ಗಡಿಯಾರ ನೋಡುತ್ತಿದ್ದ. ಕುಕು ಸೈಮಾ ತನ್ನ ಎರಡನ್ನೂ ಕೊಟ್ಟಳು. ಇನ್ನು ಆರು ಮನೆಯವರೂ ಕೊಟ್ಟರು. ಅವರ ಮೇಲೆ ತಪ್ಪು ಹೊರಿಸಲಾರೆ. ಕುಕು ದುಡ್ಡನ್ನು ಎದೆಯ ಬಟ್ಟೆಗೆ ತುರುಕಿಕೊಂಡು ಲಾರಿಗೆ ಬೆನ್ನು ಮಾಡಿ ನಿಂತಳು.

ನಾನು ಹಂಡನ ಸೊಂಟದ ಮೇಲಿನ ಅಕ್ಷರ ನೋಡುತ್ತಿದ್ದೆ. ಬಣ್ಣ ಇನ್ನೂ ಹಸಿಯಾಗಿತ್ತು.

ಈಗ ಹೇಳುತ್ತೇನೆ. ಅಂದು ನನ್ನ ಕತ್ತಿಗೆ ಹಾಕಿದ್ದು ಅದೇ ಅಕ್ಷರ. ನನ್ನ ಎದೆ ಅಳೆಯಲು ಯಾರೂ ಹಗ್ಗ ತರಿಸಲಿಲ್ಲ. ಯಾರೂ ಅಳೆಯಲೇ ಇಲ್ಲ. ಡಾಕ್ಟರು ನನ್ನ ಮುಖ ಕೂಡ ನೋಡದೆ 'ಸಿ' ಎಂದ. ಸಿ ಆಳಿಗೆ ಸಂಬಳ ಕಡಿಮೆ. ಸಿ ಆಳಿಗೆ ಸುಣ್ಣಕಲ್ಲಿನ ನೆಲ. ಆ ಬಿಲ್ಲೆಯನ್ನು ರೌನಾಗೂ ತೋರಿಸಿರಲಿಲ್ಲ. ಮದುವೆಗೆ ಮುಂಚೆ ಬಾವಿಗೆ ಎಸೆದಿದ್ದೆ.

"ಕೊಡಲ್ಲ," ಎಂದೆ.

"ತಾತೆ, ಯೋಚನೆ ಮಾಡಿ. ಬೇರೆ ದಾರಿ ಇಲ್ಲ ನಿಮ್ಗೆ."

"ಕೊಡಲ್ಲ ಅಂದ್ನಲ್ಲ. ಅವನ ಭಾಷೇಲಿ ಹೇಳು. ಆ ಭಾಷೇಲಿ 'ಇಲ್ಲ' ಅನ್ನೋದಕ್ಕೆ ಏನಂತಾರೋ ನಂಗೊತ್ತಿಲ್ಲ. 'ಹೂಂ' ಅನ್ನೋದನ್ನ ಮಾತ್ರ ಕಲಿಸಿದ್ರು."

ರೌನಾಳ ಕಡೆ ತಿರುಗಿದೆ. "ನಲ್ಲಿ ಹೋಯ್ತು," ಎಂದೆ.

ಅವಳು ಕೈಲಿದ್ದ ಬಕೆಟು ಕೆಳಗಿಟ್ಟಳು. "ಆಡಿನ ದುಡ್ಡಿಗೆ ಯಾವ ನಲ್ಲಿ ಬರತ್ತೆ? ಹೋಗ್ಲಿ ಬಿಡು. ಮೂವತ್ತು ವರ್ಷ ಹೊತ್ತ ತಲೆ, ಇನ್ನೂ ಹೊರತ್ತೆ. ಆ ಅಕ್ಷರಾನ ಒರೆಸು ಮೊದ್ಲು. ನೋಡೋಕಾಗ್ತಿಲ್ಲ."

ನನ್ನ ಅಂಗಿ ಬಿಚ್ಚಿ ಒರೆಸಿದೆ. ಹೋಗಲಿಲ್ಲ. ಹರಡಿತು.

ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ಅದರ ಹಿಂದೆ ಇನ್ನೊಂದು. ಜನ ಇಳಿದು ಚೀಲ ಬಿಚ್ಚತೊಡಗಿದರು. ನಾನು ಅವರನ್ನು ನೋಡಿದೆ. ಹಂಡನನ್ನು ನೋಡಿದೆ. ಎರಾಸ್ಟಸ್‌ನನ್ನು ಕೇಳಿದೆ.

"ಇವನಿಗೆ ರೋಗ ಇದ್ಯಾ?"

"ಇಲ್ಲ ತಾತೆ. ಇಪ್ಪತ್ತೊಂದು ದಿನ ಆಯ್ತಲ್ಲ."

"ಗೇಟಿನ ಈ ಕಡೆ ಇವನನ್ನ ಕೊಯ್ದರೆ ತಪ್ಪಾ?"

"ಈ ಕಡೆ ತಪ್ಪಿಲ್ಲ. ಮಾಂಸ ಆ ಕಡೆ ಹೋಗ್ಬಾರ್ದು ಅಷ್ಟೆ. ಚೀಲದಲ್ಲಿ, ಡಬ್ಬೀಲಿ, ಬಟ್ಟೇಲಿ, ಯಾವುದ್ರಲ್ಲೂ."

"ಹೊಟ್ಟೇಲಿ?"

ಅವನು ಬಸ್ಸುಗಳನ್ನು ನೋಡಿದ. ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ.

ಬಿರುದು ಹೇಳಿದವನು ಕತ್ತಿ ಹಿಡಿಯಬಾರದು. ಅದೂ ನಮ್ಮ ಪದ್ಧತಿ. ಕತ್ತಿ ಬೇರೆಯವರು ಹಿಡಿದರು. ನಾನು ಹಂಡನ ಕಣ್ಣಿಗೆ ಕೈ ಅಡ್ಡ ಹಿಡಿದು ಕಿವಿಯಲ್ಲಿ ಬಿರುದು ಹೇಳಿದೆ. ಈ ಸಲ ಮೆಲ್ಲಗೆ. ತಾಯಿಗೆ ಕೇಳಿಸದ ಹಾಗೆ. ಹಂಡಿಯನ್ನು ರೌನಾ ಮೊದಲೇ ದೂರ ಹೊಡೆದುಕೊಂಡು ಹೋಗಿದ್ದಳು.

ಕುಕು ಸೈಮಾ ಮೂರು ಕಾಲಿನ ಕಬ್ಬಿಣದ ಗಡಿಗೆ ಉರುಳಿಸಿಕೊಂಡು ಬಂದಳು. ಹೆಂಗಸರು ಸಜ್ಜೆಯ ಮುದ್ದೆ ತಿರುವಿದರು. ಹಸಿ ಕಟ್ಟಿಗೆಯ ಹೊಗೆ ಗೇಟಿನ ಮೇಲೆಲ್ಲ ಹಬ್ಬಿತು. ಬಸ್ಸಿನ ಡ್ರೈವರು ಮೊದಲು ಹಾರನ್ ಹೊಡೆದ. ಆಮೇಲೆ ಮೂಗರಳಿಸಿದ. ಆಮೇಲೆ ಎಂಜಿನ್ ಆರಿಸಿ ಕೆಳಗಿಳಿದ.

"ತಿನ್ರೋ! ತಿನ್ರೇ!" ಎಂದು ಕೂಗಿದಳು ಕುಕು. "ಚೀಲಕ್ಕೆ ಹಾಕ್ಬೇಡಿ, ಹೊಟ್ಟೆಗೆ ಹಾಕಿ! ಹೊಟ್ಟೆ ಬಿಚ್ಚಿ ನೋಡೋ ಆಫೀಸರ್ ಇನ್ನೂ ಹುಟ್ಟಿಲ್ಲ!"

ಎರಡು ಬಸ್ಸಿನವರು ತಿಂದರು. ಬಾಸ್‌ನ ಲಾರಿಯ ಆಳುಗಳು ತಿಂದರು. ಮಾಂಸ ಗಟ್ಟಿಯಿತ್ತು, ಎಳೆದು ಎಳೆದು ತಿಂದರು. ಹನ್ನೊಂದು ಸಾವಿರ ಜನ ತಿಂದರು ಅಂತ ನಾನು ಬೇರೆ ಕಡೆ ಹೇಳಿದ್ದುಂಟು. ತೊಂಬತ್ತು ಜನ ಇರಬಹುದು. ಕಾವಲಿನವನು, ಅದೇ ಮೇಮೆಯ ಬಟ್ಟೆ ಬಿಚ್ಚಿಸಿದವನು, ದೂರ ನಿಂತು ಎಂಜಲು ನುಂಗುತ್ತಿದ್ದ. ಅವನನ್ನು ಯಾರೂ ಕರೆಯಲಿಲ್ಲ. ಎರಾಸ್ಟಸ್‌ನಿಗೆ ರೌನಾ ತಟ್ಟೆಯಲ್ಲಿ ಕೊಟ್ಟಳು. ಅವನು ಟೋಪಿ ತೆಗೆದು, ನಮಗೆ ಬೆನ್ನು ಮಾಡಿ ಕೂತು ತಿಂದ.

ನಾನು ತಿನ್ನಲಿಲ್ಲ.

ಬಸ್ಸುಗಳು ಹೊರಟವು. ಗೇಟು ತೆರೆಯಿತು. ಹಂಡ ದಾಟಿದ. ನಮ್ಮ ಮನೆಯ ಹಟ್ಟಿಯಿಂದ ಆ ಬೇಲಿ ದಾಟಿದ ಮೊದಲ ಎತ್ತು ಅವನೇ. ಯಾರೋ ಕಿಟಕಿಯಿಂದ ಕೈ ಬೀಸಿದರು. ಗೇಟು ಮುಚ್ಚಿತು. ನಾವು ಈ ಕಡೆಯೇ ಉಳಿದೆವು.

ಆಗ ನಾನು ಹಾರೆ ತೆಗೆದುಕೊಂಡು ಗೇಟಿನಿಂದ ಮೂರನೆಯ ಕಂಬದ ಹತ್ತಿರ ಹೋದೆ. ಕಿತ್ತೆ. ಸೂರ್ಯ ಮುಳುಗುವವರೆಗೆ ಬೇಕಾಯಿತು. ಒಳ್ಳೆಯ ಕೆಲಸ ಮಾಡಿದ್ದೆ, ಏನು ಮಾಡುವುದು. ಬೆರಳಿಗಾಗಿ ಹುಡುಕಿದೆ. ಸಿಗಲಿಲ್ಲ.

ಮರುದಿನ ಇಲಾಖೆಯಿಂದ ಹೊಸ ಕಂಬ ಬಂತು. ಗುಂಡಿ ಮಾತ್ರ ಹೆಬ್ಬಂಡೆಯಂಥ ಕಲ್ಲು ಉರುಳಿ ಮುಚ್ಚಿಹೋಗಿತ್ತು. ನಾವೇ ಉರುಳಿಸಿದ್ದು. ಹೊಸದು ತೋಡಬೇಕು. ಎರಾಸ್ಟಸ್ ದಿನಗೂಲಿ ಕೊಡುತ್ತೇನೆ ಎಂದ. ಯಾರೂ ಏಳಲಿಲ್ಲ. ಎರಡು ದಿನದ ಕೂಲಿ ಎಂದ. ದನ ಮಾರಿದವರೂ ಏಳಲಿಲ್ಲ. ಕುಕು ಸೈಮಾ ಕಾಲು ಚಾಚಿ ಕೂತಳು. ಕಾವಲಿನವನು ಸೊಂಟನೋವು ಎಂದ. ಕೊನೆಗೆ ಎರಾಸ್ಟಸ್ ಅಂಗಿ ಬಿಚ್ಚಿ ತಾನೇ ಹಾರೆ ಹಿಡಿದ. ಕಿಡಿ ಹಾರಿತು. ಮಧ್ಯಾಹ್ನಕ್ಕೆ ಅಂಗೈ ಒಡೆಯಿತು. ಅವನು ಅಂಗೈಯನ್ನು ನೋಡಿದ. ನನ್ನ ಅಂಗೈಯನ್ನು ನೋಡಿದ.

"ತಾತೆ, ಒಂಚೂರು ಕೈ ಹಾಕಿ."

"ಇನ್ನೂ ಒಂದು ಮೊಳ ಆಳ ಬೇಕು, ಮಗಾ," ಎಂದೆ. ಕೂತಲ್ಲಿಂದ ಏಳಲಿಲ್ಲ.

ಅವನು ಅಷ್ಟು ಆಳ ತೋಡಲಿಲ್ಲ. ಸಂಜೆಗೆ ತಂತಿ ಬಿಗಿದ. ಬೇಲಿ ಮತ್ತೆ ಮುಚ್ಚಿತು. ನಾವು ಹಂಡಿಯನ್ನು ಹೊಡೆದುಕೊಂಡು ಊರಿನ ದಾರಿ ಹಿಡಿದೆವು. ರೌನಾ ಖಾಲಿ ಬಕೆಟನ್ನು ತಲೆಯ ಮೇಲೆ ಇಟ್ಟುಕೊಂಡು ಮುಂದೆ ನಡೆದಳು.

ಅರ್ಧ ಬೇಲಿ ನಾನೇ ನೆಟ್ಟೆ ಅಂತ ಶುರುವಿನಲ್ಲಿ ಹೇಳಿದೆನಲ್ಲ, ಅದು ಸುಳ್ಳು. ನಾನು ನೆಟ್ಟದ್ದು ನಾನೂರ ಹನ್ನೊಂದು ಕಂಬ. ಒಂದೊಂದೂ ನೆನಪಿದೆ. ಈಗ ನಾನೂರ ಹತ್ತು. ಗೇಟಿನಿಂದ ಮೂರನೆಯದು ನನ್ನದಲ್ಲ. ವಾಲಿದೆ.